ಸುಣ್ಣದಡಿಯ ಒಂಬತ್ತು ಜನ

ಇದು ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ. ಕಂಪ್ಲಿ ರಸ್ತೆಯಿಂದ ಒಳಗೆ, ಬಂಡೆಗುಡ್ಡದ ಬುಡದಲ್ಲಿರುವ ನಮ್ಮ ಬೇಡರ ಹಟ್ಟಿಯಲ್ಲಿ, ಅಪ್ಪನಿಲ್ಲದ ನಮ್ಮ ಮನೆಗೆ ಅವನೇ ಹಿರಿಯ. ನಾನು ಹತ್ತನೇ ತರಗತಿ ಪಾಸಾದಾಗ, "ಸಾಕ್ ಬಿಡಲೇ. ನಮ್ಮ ಹಟ್ಟಿ ಹುಡಿಗಿ ಡಿಗ್ರಿ ಮಾಡೋದು ಆಗದ ಮಾತು" ಎಂದ. ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದೆ. ನಮ್ಮ ವಂಶಕ್ಕೇ ಮೊದಲ ಡಿಗ್ರಿ ಅದು. "ಅದು ಹೆಂಗೋ ಆತು. ಮುಂದಿಂದು ಆಗಂಗಿಲ್ಲ" ಎಂದ. ಪುರಾತತ್ತ್ವದ ಎಂ.ಎ. ಸೇರಿದೆ. ಅದೇನು ಓದು ಎಂದು ಕೇಳಿದ. ಹಳೇ ಕಲ್ಲು ಓದೋದು ಅಂದೆ.

"ಕಲ್ಲು ಓದಾಕ ಹಾಸ್ಟೆಲ್ ಯಾಕ ಬೇಕು? ಕುರಿ ಹೊಡಕಂಡು ಹೋದ್ರ ದಿನಾ ಓದಬೌದು."

ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಕುರಿ ಕಾದ ಕಲ್ಲನ್ನೇ ಆರಿಸಿಕೊಂಡೆ. ಅದಕ್ಕೆ ನಾವು ಎತ್ತಿನಗುಂಡು ಎನ್ನುತ್ತೇವೆ. ಮುಂದಕ್ಕೆ ಬಾಗಿದ ದೊಡ್ಡ ಬಂಡೆ, ಅದರ ಒಳಮೈಯಲ್ಲಿ ಯಾವ ಕಾಲದವರೋ ಕೆಂಪು ಮಣ್ಣಿನಲ್ಲಿ ಬರೆದ ಮೂರು ಎತ್ತು. ಹಟ್ಟಿಗೆ ಅವೇ ದೇವರು. ಮದುವೆಯಾದ ಗಂಡು ಹೆಣ್ಣು ಮನೆಯ ಹೊಸ್ತಿಲು ತುಳಿಯುವ ಮೊದಲು ಆ ಎತ್ತುಗಳ ಕೆಳಗೆ ಕೂತು ಏಳಬೇಕು. ಕೂಸಿಗೆ ಹೆಸರಿಟ್ಟ ದಿನವೂ ಅಲ್ಲಿ ಮಲಗಿಸಿ ಎತ್ತಿಕೊಳ್ಳುತ್ತಾರೆ. ಎತ್ತುಗಳ ಕಾಲ ಕೆಳಗೆ, ಮಾಸಿ ಮಾಸಿ ಕಲೆಯಂತಾದ ಒಂದು ಸಾಲು ಇತ್ತು. ಬೆರಳುದ್ದದ ಜನ, ಕೈ ಕೈ ಹಿಡಿದುಕೊಂಡು ನಿಂತವರು. ಅವರನ್ನು ಯಾರೂ ಗಮನಿಸುತ್ತಿರಲಿಲ್ಲ. ಕುರಿ ಮೇಯುವಾಗ ಒಬ್ಬಳೇ ಕೂತು ನಾನು ಎಣಿಸಿದ್ದೆ. ಒಂಬತ್ತು.

ಆ ಸಾಲೇ ನನ್ನ ಪ್ರಬಂಧ. ಬಂಡೆಯನ್ನು ಎಲ್ಲ ಕಡೆಯಿಂದ ನೂರಾರು ಫೋಟೊ ತೆಗೆದರೆ ಕಂಪ್ಯೂಟರು ಅವನ್ನು ಜೋಡಿಸಿ ಇಡೀ ಬಂಡೆಯನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ಅದರ ಪಕ್ಕದಲ್ಲಿ ಹಟ್ಟಿಯವರ ಮಾತು ಬರೆಯಬೇಕು, ಅವರು ತೋರಿಸಬೇಡ ಎಂದದ್ದನ್ನು ತೋರಿಸಬಾರದು. ಹಿರಿಯರು ಕೂತು ಒಪ್ಪಿದರು. ನಾನು ಮಾವನಿಗೆ ಫೋನು ಮಾಡಿದೆ: "ಸೋಮವಾರ ನಮ್ಮ ಕಾಲೇಜ್ ಮೇಡಂ ಬರ್ತಾರ. ಗುಂಡಿನ ಹತ್ರ ಒಂದೀಟು ಚೊಕ್ಕ ಮಾಡಿಸು ಮಾವ."

ಮುಳ್ಳು, ಪ್ಲಾಸ್ಟಿಕ್ ಬಾಟಲಿ ತೆಗೆಸಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಸೋಮವಾರ ಹೋದಾಗ ಬಂಡೆ ದೂರದಿಂದಲೇ ಬೆಳ್ಳಗೆ ಹೊಳೆಯುತ್ತಿತ್ತು. ಮಾವನ ಮೊಣಕೈವರೆಗೆ ಸುಣ್ಣ.

"ಎತ್ತು ಮುಟ್ಟಿಲ್ಲ ನೋಡು. ಸುತ್ತ ಬಿಡಿಸಿ ಬಿಡಿಸಿ ಬಳದೀನಿ. ಕೆಳಗ ಬರೇ ಕಲೆ ಇತ್ತು, ಮುಚ್ಚಿಬಿಟ್ಟೆ. ದೊಡ್ಡೋರು ಬರೋ ಮುಂದ ಹಂಗ ಇರಬಾರದು."

ನಮ್ಮಲ್ಲಿ ಬೀಗರು ಬಂದರೂ ಗೋಡೆಗೆ ಸುಣ್ಣ ಬೀಳುತ್ತದೆ. ಓದಿದವಳು ಎಂಬ ಜಂಬದಲ್ಲಿ ನಾನು ಅದನ್ನೇ ಮರೆತಿದ್ದೆ. ನನ್ನ ಓದನ್ನು ನಂಬದಿದ್ದ ಮಾವ ನನ್ನ ಮೇಡಮ್ಮಿಗಾಗಿ ಎರಡು ದಿನ ಏಣಿ ಮೇಲಿದ್ದ. ಬೈಯದೆ ಅವನ ಕೈ ತೊಳೆಯಲು ನೀರು ಹಾಕಿದೆ.

ಮೇಡಂ ಚಪ್ಪಲಿ ಬಿಟ್ಟು ಬಂದರು, ಚಹಾ ಕುಡಿದರು. ಜೀಪಿನ ಹತ್ತಿರ ಮೆಲ್ಲಗೆ, "ಕೆರೆದರೆ ಕೆಳಗಿನ ಬಣ್ಣವೂ ಕಿತ್ತು ಬರುತ್ತೆ, ಮುಟ್ಟಬೇಡ. ಬೇರೆ ಬಂಡೆ ನೋಡು. ಇಲ್ಲದಿದ್ದರೆ ಮುಂದಿನ ವರ್ಷ" ಎಂದರು. ಮುಂದಿನ ವರ್ಷ ನನಗೆ ಹಾಸ್ಟೆಲ್ ಇರಲಿಲ್ಲ. ಮುಂದಿನ ವರ್ಷ ಎಂದರೆ ಮಾವನ ಮಾತು ನಿಜವಾಯಿತು ಎಂದೇ ಅರ್ಥ.

ದಾರಿ ತೋರಿಸಿದ್ದು ಅವ್ವನ ಫೋನು. ಅದರಲ್ಲೊಂದು ಮದುವೆ ಫೋಟೊ ಇತ್ತು. ಮದುಮಗನ ಪೇಟದ ಹಿಂದೆ, ಕಲ್ಲಿನ ಮೇಲೆ, ಕೈ ಹಿಡಿದ ಇಬ್ಬರು ಪುಟ್ಟ ಜನ.

ಹಟ್ಟಿಯವರ ಉಳಿದ ಫೋಟೊಗಳು ಹಟ್ಟಿಯಲ್ಲಿರಲಿಲ್ಲ. ಅವು ಹೊಟ್ಟೆಪಾಡಿಗೆ ಹೋದವರ ಫೋನಿನಲ್ಲಿದ್ದವು. ಹೊಸಪೇಟೆಯ ಆಟೊ ಸ್ಟ್ಯಾಂಡಿಗೆ, ಕಂಪ್ಲಿಯ ರೈಸ್‌ಮಿಲ್ಲಿಗೆ, ಸಂಡೂರಿನ ಗಣಿ ಕ್ವಾರ್ಟರ್ಸಿಗೆ ಬಸ್ಸಿನಲ್ಲಿ ತಿರುಗಿದೆ. ಸಂಡೂರಿನಲ್ಲಿದ್ದ ಚಿಕ್ಕಮ್ಮನ ಮಗಳು ಫೋನು ಕೊಡುವ ಮೊದಲು ಚೆನ್ನಾಗಿ ಕುಟುಕಿದಳು.

"ಮದುವಿಗಂತೂ ಬರಲಿಲ್ಲ, ಪರೀಕ್ಷಾ ಅಂದಿ. ಈಗ ಫೋಟೋ ಬೇಕಾ?"

"ಹಿಂದಿನ ಕಲ್ಲು ಕಂಡ್ರ ಸಾಕು."

"ನೋಡಕ್ಕ ಈಕೀನ. ನಾ ಅಷ್ಟು ಸಿಂಗಾರ ಮಾಡ್ಕಂಡು ಕುಂತಿದ್ರ ಹಿಂದಿನ ಕಲ್ಲು ಬೇಕಂತ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಆಮೇಲೆ ಎಲ್ಲವನ್ನೂ ಕಳಿಸಿದಳು, ಊಟ ಮಾಡಿಸಿಯೇ ಬಿಟ್ಟಳು.

ಮರಳುವ ಬಸ್ಸಿನಲ್ಲಿ ಒಂದೊಂದಾಗಿ ನೋಡುತ್ತಾ ಬಂದೆ. ಮದುವೆಗಳು, ತೊಟ್ಟಿಲುಗಳು, ಒಬ್ಬರ ಹೆಗಲ ಮೇಲೊಬ್ಬರ ಕೈ. ಹಟ್ಟಿಯವರೆಲ್ಲ ಇದ್ದರು. ಒಂದರಲ್ಲೂ ನಾನಿರಲಿಲ್ಲ. ಆ ದಿನಗಳಲ್ಲೆಲ್ಲ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕಿದರೆ ಹಾಸ್ಟೆಲಿನ ಅದೇ ಕಿಟಕಿ, ಅದೇ ಮಂಚ.

ಮುಂದಿನ ಕೆಲಸ ಭಾನುವಾರದ ಖಾಲಿ ಲ್ಯಾಬಿನಲ್ಲಿ: ಈ ಫೋಟೊಗಳಲ್ಲಿನ ಕಲ್ಲಿನ ಚೂರುಗಳನ್ನು ಜೋಡಿಸಿ ಸಾಲನ್ನು ಮತ್ತೆ ನಿಲ್ಲಿಸುವುದು. ಕಲ್ಲು ಕಾಣಬೇಕಾದರೆ ಮುಂದಿರುವವರನ್ನು ಅಳಿಸಬೇಕು. ಮದುಮಗಳನ್ನು ಅಳಿಸಿದೆ. ತೀರಿಹೋದ ಅಜ್ಜಿಯನ್ನು ಅಳಿಸುವಾಗ ಕೈ ನಿಂತಿತು. ಒಬ್ಬೊಬ್ಬರು ಹೋದಂತೆ ಅಂಗೈಯಗಲ ಕಲ್ಲು ಸಿಗುತ್ತಿತ್ತು. ಒಂದು ದಿನ ಮಾವ ರೊಟ್ಟಿ ಗಂಟು ತಂದವನು ಹಿಂದೆ ನಿಂತು ನೋಡಿದ.

"ಅಳಸಿದ್ರ ಅವ್ರು ಎಲ್ಲಿ ಹೋಗ್ತಾರ?"

"ಎಲ್ಲೂ ಹೋಗಲ್ಲ ಮಾವ. ಫೋಟೋ ಅವ್ರ ಹತ್ರ ಇದ್ದ ಇರ್ತಾವ."

ಎಂಟು ಜನ ಸಿಕ್ಕರು. ಒಂಬತ್ತನೆಯವರ ಜಾಗದಲ್ಲಿ ಎಲ್ಲ ಫೋಟೊದಲ್ಲೂ ಯಾರದೋ ತಲೆ ಅಡ್ಡ ಇತ್ತು. ನೆನಪಿದೆಯೇ ಎಂದು ಮಾವನನ್ನು ಕೇಳಿದೆ. "ನಾ ಎಣಿಸಿಲ್ಲವ್ವ. ಎಣಿಸಿದಾಕಿ ನೀ ಒಬ್ಬಾಕೀನ" ಎಂದ. ಹಟ್ಟಿಯಲ್ಲಿ ಕೇಳಿದವರೆಲ್ಲ ಅದನ್ನೇ ಹೇಳಿದರು.

ಮೌಖಿಕ ಪರೀಕ್ಷೆ ನಡೆಸಲು ಬಂದವರು ಆ ಖಾಲಿ ಜಾಗಕ್ಕೆ ಬೆರಳಿಟ್ಟು, "ಇಲ್ಲೊಬ್ಬರನ್ನು ಬರೆದು ಸಾಲು ಪೂರ್ತಿ ಮಾಡಬಹುದಿತ್ತಲ್ಲ?" ಎಂದರು. "ನಾನು ನೋಡಿದ್ದೇನೆ ಸರ್. ಆದರೆ ನನ್ನ ಹತ್ತಿರ ಫೋಟೊ ಇಲ್ಲ, ಬೇರೆ ಸಾಕ್ಷಿಯೂ ಇಲ್ಲ" ಎಂದೆ. ಅವರು ಮುಂದಿನ ಹಾಳೆ ತಿರುವಿದರು. ಪಾಸಾದೆ.

ಪ್ರಮಾಣಪತ್ರ ತರಲು ಮಾವನೂ ಬಂದ, ಒಗೆದ ಧೋತ್ರ ಉಟ್ಟು. ಗುಮಾಸ್ತರು ಸಹಿ ಹಾಕಿಸಿಕೊಂಡು ಕಿಟಕಿಯಿಂದ ಕೊಟ್ಟರು. ನಾನು ಅದನ್ನು ಹಾಗೆಯೇ ಮಾವನ ಕೈಗಿಟ್ಟೆ. ಓದಲು ಬಾರದವನು ಅಂಗೈ ಒರೆಸಿಕೊಂಡು ಹಿಡಿದ. ಮೂಲೆಯಲ್ಲಿದ್ದ ನನ್ನ ಸಣ್ಣ ಫೋಟೊ ಅವನಿಗೆ ಕಂಡಿತು. ಹಿಂದೆ ಬರೀ ಬಿಳಿ. ಕಣ್ಣಿನ ಹತ್ತಿರ ಹಿಡಿದು ನೋಡಿ ಹೇಳಿದ:

"ಇದರಾಗೂ ನಮ್ಮನ್ನೆಲ್ಲಾ ಅಳಸಿಬಿಟ್ಟಿಯೇನವ್ವ? ಒಬ್ಬಾಕೀನ ನಿಂತೀಯಲ್ಲ."