ಮಕ್ಕಳು ಮಾಡಿದ ಕುಕೀಸ್ (ಅಂತೆ!)

"ಇನ್ನೊಂದಿನ ಬಿಸಿಲು ಬೇಕು ಕಣೇ," ಅಂತ ತೀರ್ಪು ಕೊಟ್ಟರು ನಮ್ಮ ಯಜಮಾನರು.

ಅವರ ಕೈಯಲ್ಲಿದ್ದದ್ದು ಕಾಫಿಯಲ್ಲ, ಕುಕೀ! ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದರು. ಒಣಗಿದ ಕಾಫಿ ಹಣ್ಣನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ, ಸರಿ. ಕುಕೀ ಏನನ್ನಬೇಕು ಅಂತ ಇವರು ಕಾಯುತ್ತಿದ್ದರೋ ದೇವರೇ ಬಲ್ಲ.

ಮೊದಲಿಂದ ಹೇಳುತ್ತೇನೆ. ಕ್ರಿಸ್‌ಮಸ್ ರಜೆ. ಹಾನುಬಾಳಿನ ಹತ್ತಿರದ ನಮ್ಮ ಸಣ್ಣ ತೋಟದಲ್ಲಿ ಕಾಫಿ ಕುಯ್ಲು ಜೋರು. ದೊಡ್ಡವರಿಗೆ ಉಸಿರಾಡಲು ಪುರುಸೊತ್ತಿಲ್ಲ, ಮಕ್ಕಳ ಕೈಗೆ ಮೊಬೈಲ್ ಅಂಟಿಕೊಂಡಿದೆ. ಅದನ್ನು ಬಿಡಿಸಬೇಕಾದರೆ ಮಕ್ಕಳ ಕೈಯಲ್ಲಿ ಕುಕೀಸ್ ಮಾಡಿಸಿ ಅಂತ ಒಂದು ರೀಲ್ ಉಪದೇಶ ಮಾಡಿತು. (ಆ ರೀಲನ್ನು ನಾನು ಮೊಬೈಲಿನಲ್ಲೇ ನೋಡಿದ್ದು, ಬಿಡಿ.)

ಮಗಳು ಸಾನ್ವಿಗೆ ಕುಣಿಯುವಷ್ಟು ಖುಷಿ. "ಎಲ್ಲಾ ನಾವೇ ಮಾಡ್ತೀವಿ. ನೀನು ಮುಟ್ಟಂಗಿಲ್ಲ!" ಅಂದಳು. ತಮ್ಮ ಚಿನ್ನು ಆಗಲೇ ಮೈದಾದಲ್ಲಿ ಮುಖ ತೊಳೆದಿದ್ದ.

ನಾನು ಮುಟ್ಟಲಿಲ್ಲ. ಎರಡು ನಿಮಿಷ.

ಆಮೇಲೆ ಬೆಣ್ಣೆ ಸರಿಯಾಗಿ ಕಲೆತಿಲ್ಲ ಅನ್ನಿಸಿತು. ಸ್ವಲ್ಪ ಕಲೆಸಿಕೊಟ್ಟೆ. ಅಷ್ಟರಲ್ಲಿ ಅತ್ತೆ ಬಂದರು. "ಇದೇನ್ ಮಾರಾಯ್ತಿ, ಹಿಟ್ಟು ಹಿಂಗೈತೆ? ಸರೀರಿ ಅತ್ಲಾಗೆ," ಅಂತ ಪಾತ್ರೆಯನ್ನೇ ಎಳೆದುಕೊಂಡರು. ಏಲಕ್ಕಿ ಬಿತ್ತು, ತುಪ್ಪ ಬಿತ್ತು. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಅದರಲ್ಲೇ ಬೇಯಿಸುವ ಪ್ಲಾನು. ಕುಕ್ಕರ್ ಅಂದ ಕೂಡಲೇ ಯಜಮಾನರು ಕಾಫಿ ಒಣಗಿಸುವ ಕಣದಿಂದ ಓಡಿಬಂದರು. "ಗ್ಯಾಸ್ಕೆಟ್ ತೆಗೆದ್ರೇನ್ರೋ? ಬಿಡ್ರಿ, ನಾನ್ ನೋಡ್ತೀನಿ."

ಸಾನ್ವಿಗೆ ಉಳಿದದ್ದು ಒಂದೇ ಉಂಡೆ ಹಿಟ್ಟು. ಮೂಲೆಯಲ್ಲಿ ಕೂತು, ನಾಲಗೆ ಹೊರಗೆ ಹಾಕಿಕೊಂಡು ಅದರಲ್ಲಿ ಒಂದು ಆನೆ ಮಾಡಿದಳು. ಚೆನ್ನಾಗಿಯೇ ಇತ್ತು.

"ಸೊಂಡಿಲು ಇಷ್ಟು ದಪ್ಪ ಇರಲ್ಲ ಪುಟ್ಟಾ," ಅಂದೆ ನಾನು.

"ನಮ್ಮ ತೋಟಕ್ಕೆ ಬಂದಿದ್ದ ಆನೆಗೆ ಹಿಂಗೇ ಇತ್ತು."

ಇತ್ತೇನೋ. ಆದರೆ ಫೋಟೋ ಸ್ಟೇಟಸ್‌ಗೆ ಹಾಕಬೇಕಲ್ಲ? ಸೊಂಡಿಲನ್ನು ತೆಳ್ಳಗೆ, ನಾಜೂಕಾಗಿ ತಿದ್ದಿದೆ. ನಾಜೂಕಿನ ಸೊಂಡಿಲು ಕುಕ್ಕರಿನಲ್ಲಿ ಸುಟ್ಟು ಕರಕಲಾಗಿ ಉದುರಿಹೋಯಿತು. ಸಾನ್ವಿ ಅಳಲಿಲ್ಲ. "ಅದು ನನ್ನ ಆನೆ ಅಲ್ಲ," ಅಂದು ತಮ್ಮನ ಕೈ ಹಿಡಿದು ಹೊರಗೆ ನಡೆದಳು. ನನಗೆ ಚುರುಕ್ ಅಂದಿತು. ಆದರೆ ಮುಂದಿನ ತಟ್ಟೆ ಒಳಗಿತ್ತಲ್ಲ, ಏಳಲಿಲ್ಲ.

ನಾವೆಲ್ಲ ಹೀಗೇ ಅಲ್ಲವೇ? ಶಾಲೆಗೆ ಮಗು ಒಯ್ಯುವ ಥರ್ಮಾಕೋಲ್ ಮನೆಗೆ ಅಷ್ಟು ನೆಟ್ಟಗಿನ ಕಿಟಕಿ ಇಟ್ಟದ್ದು ಯಾರು ಅಂತ ಟೀಚರಿಗೆ ಗೊತ್ತಾಗುವುದಿಲ್ಲವೇ? ಎಲ್ಲವನ್ನೂ ಕಿತ್ತುಕೊಂಡು ಮಾಡಿ ಮುಗಿಸಿ, ಮಕ್ಕಳಿಗೆ ಮೊಬೈಲ್ ಬಿಟ್ಟು ಬೇರೇನೂ ಬೇಡ ಅಂತ ಗೊಣಗುತ್ತೇವೆ.

ಯಜಮಾನರು ಆ ಬಿಸಿಲಿನ ತೀರ್ಪು ಕೊಟ್ಟದ್ದು ಎರಡನೇ ತಟ್ಟೆಯ ಕುಕೀಗೆ. ಮೂರನೇ ತಟ್ಟೆ ಇಳಿಸುವಾಗ ಅತ್ತೆಗೆ ಜ್ಞಾನೋದಯವಾಯಿತು. "ಕಣದಲ್ಲಿ ಕಾಫಿ ಕೆದಕೋರ್ ಯಾರ್ರೋ? ಎಲ್ಲಾರೂ ಇಲ್ಲೇ ಕುಂತ್ಬುಟ್ಟವ್ರೆ!"

ಮೂವರೂ ಓಡಿದೆವು. ಕಣದಲ್ಲಿ ಮಕ್ಕಳಿಬ್ಬರೂ ತಮಗಿಂತ ಉದ್ದದ ಕೋಲಿನ ಹಲಗೆ ಹಿಡಿದು ಬಿಸಿಲಿನಲ್ಲಿ ಕಾಫಿ ಎಳೆಯುತ್ತಿದ್ದರು. ಸಾಲುಗಳು ಅಂಕುಡೊಂಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ನೆಲ. ಆದರೆ ಇಬ್ಬರ ಮುಖದಲ್ಲೂ ಬೆಳಗ್ಗೆ ನಾವು ಕಸಿದುಕೊಂಡಿದ್ದ ಆ ಖುಷಿ ಮತ್ತೆ ಬಂದಿತ್ತು. ಮೊಬೈಲ್ ಜಗುಲಿಯ ಮೇಲೆ ಅನಾಥವಾಗಿ ಬಿದ್ದಿತ್ತು.

ಅಷ್ಟಕ್ಕೇ ಸುಮ್ಮನಿರಬಾರದೇ? ಯಜಮಾನರ ಕೈ ತಾನಾಗಿಯೇ ಹಲಗೆಯತ್ತ ಚಾಚಿತು. "ಹಂಗಲ್ಲ ಪುಟ್ಟಾ, ಹಿಂಗೆ..."

ಸಾನ್ವಿ ಹಲಗೆಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು ನಮ್ಮ ಮೂವರನ್ನೂ ಒಮ್ಮೆ ನೋಡಿದಳು.

"ನೀವು ಒಳಗೋಗಿ ಆಟ ಆಡ್ಕಳಿ ಅಪ್ಪಾ. ಮುಗಿದ್ಮೇಲೆ ಎಲ್ಲಾ ತೊಳೆದು ಎತ್ತಿಡ್ಬೇಕು, ಆಯ್ತಾ?"