ಗಂಡು ಬೇಕು ಅಂದದ್ದಕ್ಕೆ

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: "ಏನಮ್ಮ, ಗಂಡು ಸಿಕ್ತಾ?" ಸುತ್ತಲಿನವರು ನಗುತ್ತಾರೆ. ಸಾರಿನ ಬಕೆಟ್ ಹಿಡಿದವನೂ ನಗುತ್ತಾನೆ. ನಾನು ನಗುವುದಿಲ್ಲ. ನನ್ನ ಗೆಳತಿಯ ಕಿವಿಯ ಹಿಂದೆ ಹೊಲಿಗೆಯ ಗುರುತಿದೆ, ಕೂದಲು ಎತ್ತಿ ಕಟ್ಟಿದರೆ ಕಾಣುತ್ತದೆ. ಅದು ನಗುವ ವಿಷಯವಲ್ಲ ಎಂದು ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಗೆಳತಿ ಚಾಂಪಿಯನ್ ರೀಫ್ಸ್‌ನವಳು. ತಾತ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು. ಮನೆಮಾತು ತಮಿಳು. ಡಿಗ್ರಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರಾದೆ, ಅವಳು ಜೇಡಗಳ ಬೆನ್ನು ಹತ್ತಿದಳು. ಅವಳ ಜೇಡ ಬಲೆ ಕಟ್ಟುವುದಲ್ಲ. ನೆಲದಲ್ಲಿ ಬಿಲ ತೋಡಿ, ಮಣ್ಣು ಮತ್ತು ನೂಲಿನಿಂದ ಒಂದು ಬಾಗಿಲು ಮಾಡಿ, ಅದನ್ನು ಮುಚ್ಚಿಕೊಂಡು ಒಳಗೆ ಕೂರುತ್ತದೆ. ಹೆಣ್ಣಾದರೆ ಜೀವಮಾನವಿಡೀ ಅಲ್ಲೇ. ಗಂಡು ಹಾಗಲ್ಲ. ಬಲಿತ ಮೇಲೆ ಮಳೆ ಬಿದ್ದ ನೆಲದ ಮೇಲೆ ಹೆಣ್ಣಿನ ಬಾಗಿಲು ಹುಡುಕಿಕೊಂಡು ಅಲೆಯುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಾಗಿ ಗಂಡು ಕಣ್ಣಿಗೆ ಬೀಳುವುದೇ ಅಪರೂಪ. ಇವಳು ಹಿಡಿದ ಜಾತಿಯಲ್ಲಿ ಹೆಣ್ಣನ್ನು ಮಾತ್ರ ಯಾರೋ ಹಿಂದೆ ನೋಡಿ ಬರೆದಿದ್ದರು. ಗಂಡು ಹೇಗಿರುತ್ತದೆಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಿ, ಅಳೆದು, ಚಿತ್ರ ಬರೆದು ಪ್ರಕಟಿಸಬೇಕೆಂಬುದು ಅವಳ ಹಟ.

ಕಾಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ, ಬಂಡಿದಾರಿಯ ಪಕ್ಕದ ಮಣ್ಣಿನ ದಿಬ್ಬದಲ್ಲಿ ಹೆಣ್ಣುಗಳ ಬಾಗಿಲು ಸಿಕ್ಕಿದ್ದವು. ಆ ಹೊಲದವನು ನಮ್ಮಪ್ಪನಿಗೆ ಹಾಲಿನ ಡೈರಿಯಿಂದ ಪರಿಚಯ. ಚಿಕ್ಕಂದಿನಿಂದ ನಾನು ಅವನನ್ನು ಮಾವ ಎಂದೇ ಕರೆದವಳು. ಕೇಳಲು ಹೋದಾಗ ಮನೆಯಲ್ಲಿ ಕೂರಿಸಿ ಕಾಫಿ ಕೊಡಿಸಿದ.

"ಜೇಡಕ್ಕೆ ಬಾಗ್ಲಾ?" ಅಂದ. "ನಮ್ ಬಚ್ಚಲಿಗೇ ಬಾಗ್ಲಿಲ್ಲ. ಅದುನ್ನ ಕರ್ಕಂಡು ಬಾರಮ್ಮ, ಒಂದು ಮಾಡಿಸ್ಕಂತೀನಿ."

ಹೆಂಡತಿ ಒಳಗಿಂದ ನಕ್ಕಳು. ಎಷ್ಟು ದಿನ ಬೇಕಾದರೂ ಬನ್ನಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ಅಂದ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ದಿಬ್ಬದ ಬುಡದಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ನೆಲದ ಮಟ್ಟಕ್ಕೆ ಹೂತೆವು. ಅಲೆಯುವ ಗಂಡು ಅದರೊಳಗೆ ಬಿದ್ದರೆ ಮೇಲೆ ಹತ್ತಲಾರದು. ಹೂಳುವಾಗ ಅವನೇ ಗುದ್ದಲಿ ತಂದುಕೊಟ್ಟ.

ಒಳ್ಳೆಯ ಮಳೆಯಾದ ಮರುದಿನ ಬೆಳಗ್ಗೆ ಬಂಗಾರಪೇಟೆಯಿಂದ ಬಸ್ಸು ಹತ್ತಿದೆವು. ದಾರಿಯಲ್ಲಿ ಗೆಳತಿಗೆ ಅವಳ ಪಿಎಚ್‌ಡಿ ಗೈಡ್ ಫೋನ್ ಮಾಡಿದರು. ಸಿಗ್ನಲ್ ಸರಿಯಿಲ್ಲದೆ ಅವಳು ಕೂಗಿ ಕೂಗಿ ಮಾತಾಡಿದಳು.

"ಹೆಣ್ಣು ಸಾಕು ಸರ್, ಇದಾವೆ. ಗಂಡೇ ಬೇಕು. ಇವತ್ತು ಸಿಕ್ಕೇ ಸಿಗುತ್ತೆ. ಇಲ್ಲ ಸರ್, ಜೀವಂತ ಹಿಡೀತೀನಿ. ಆಮೇಲೆ ಸ್ಪಿರಿಟ್‌ಗೆ ಹಾಕೋಣ."

ಆ ವಾರ ನಮ್ಮ ಕಡೆ ಎಲ್ಲರ ಮೊಬೈಲಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊ ಓಡಾಡುತ್ತಿತ್ತು. ಎಲ್ಲಿಯದೋ, ಯಾವ ಕಾಲದ್ದೋ. ನಿಧಿ ತೆಗೆಯಲು ಗಂಡು ಮಗುವನ್ನು ಬಲಿ ಕೊಡುತ್ತಾರಂತೆ ಎಂದು ಅದಕ್ಕೆ ಯಾರೋ ಸೇರಿಸಿದ್ದರು. ನಮ್ಮ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರೋ ನಾನು ತಿರುಗಿ ನೋಡಲಿಲ್ಲ. ನೋಡುವಂಥದ್ದೇನೂ ಆಗ ಇರಲಿಲ್ಲ.

ಗಂಡು ಮೂಲೆಯ ಲೋಟದಲ್ಲಿ ಸಿಕ್ಕಿತು. ಹೆಣ್ಣಿನ ದಪ್ಪ ಮೈ ಇದಕ್ಕಿರಲಿಲ್ಲ. ಸಣಕಲು, ಕಡುಗಪ್ಪು, ಉದ್ದ ಕಾಲು. ಬಾಯಿಯ ಅಕ್ಕಪಕ್ಕದ ಎರಡು ಕಿರುಗಾಲುಗಳ ತುದಿಯಲ್ಲಿ ನೀರಹನಿಯಂಥ ಗಂಟು, ಗಂಟಿನಿಂದ ಹೊರಟ ಬಾಗಿದ ಮುಳ್ಳು. ಆ ಮುಳ್ಳಿನ ಆಕಾರ ನೋಡಿಯೇ ಇದು ಯಾವ ಜಾತಿಯ ಗಂಡು ಎಂದು ಹೇಳುವುದಂತೆ. ಗೆಳತಿ ಲೋಟ ಹಿಡಿದುಕೊಂಡು ಕೆಸರಿನಲ್ಲೇ ಕೂತುಬಿಟ್ಟಳು. "ನೋಡ್ ಡೀ," ಅಂದಳು, "ಇದನ್ನ ನೋಡಿದೋರು ಇವತ್ತಿಗೆ ನಾವಿಬ್ರೇ ಡೀ." ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮೊದಲು ಎರಡು ಬೈಕು ಬಂದವು. ಆಮೇಲೆ ಹೊಲಗಳ ಕಡೆಯಿಂದ ಜನ.

"ಯಾವೂರಮ್ಮ ನಿಮ್ದು? ಏನು ಊತಿದ್ದೀರ ಇಲ್ಲಿ?"

"ಜೇಡ ಹಿಡಿಯೋಕೆ ಲೋಟ ಇಟ್ಟಿದೀವಣ್ಣ," ಅಂದೆ.

"ಜೇಡ ಇಡಿಯಾಕೆ ಇಷ್ಟ್ ದೂರ ಬತ್ತಾರಾ? ನಿಮ್ಮನೆ ಸೂರಲ್ಲಿ ಇಲ್ವಾ?"

"ಬಸ್ನಾಗೆ ಏನಂದ್ಲು ಕೇಳ್ರಲಾ ಅವ್ಳುನ್ನ. ಗಂಡೇ ಬೇಕಂತೆ. ಎಣ್ಣು ಸಾಕಂತೆ. ನಾನೇ ಕೇಳಿಸ್ಕಂಡೆ."

ಒಬ್ಬ ಹೆಂಗಸು ನಮ್ಮ ಬ್ಯಾಗನ್ನು ಕಿತ್ತು ಮಣ್ಣಿಗೆ ಸುರಿದಳು. ಚಿಮುಟ, ಹತ್ತಿ, ಸ್ಪಿರಿಟ್ ಬಾಟಲಿ ಬಿದ್ದವು. ಬಾಟಲಿ ಮೂಸಿ, "ಮತ್ತು ಬರ್ಸೋ ಔಸ್ದಿ ಕಣಕ್ಕ, ಇದುನ್ನೇ ಮಕ್ಳ ಮೂಗಿಗೆ ಇಡಿಯಾದು," ಅಂದಳು. ಗೆಳತಿ ಹೆದರಿದಾಗ ಬಾಯಿಗೆ ಬರುವುದು ತಮಿಳು. "ಅಣ್ಣಾ, ವಿಡುಂಗಣ್ಣಾ," ಬಿಟ್ಟುಬಿಡಿ ಎಂದು ಬೇಡಿಕೊಂಡಳು. ಆ ಊರಿನಲ್ಲಿ ತಮಿಳು ಬರದವರು ಯಾರೂ ಇಲ್ಲ. ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿಕೊಂಡೇ ಅವರು ಹಸು ಮಾರುವುದು, ಸಂಬಂಧ ಕುದುರಿಸುವುದು. ಆದರೆ ಆ ಗಳಿಗೆಯಲ್ಲಿ, "ನೋಡ್ಲಾ, ನಮ್ಮೋರಲ್ಲ ಕಣ್ಲಾ," ಎಂದು ಒಬ್ಬ ಕೂಗಿದ. ಇನ್ನೊಬ್ಬ ಅವಳ ಜಡೆಗೆ ಕೈ ಹಾಕಿದ. ಮತ್ತೊಬ್ಬ ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ವಿಡಿಯೊ ಮಾಡುತ್ತಿದ್ದ. ಹಗ್ಗ ನನ್ನ ಕಣ್ಣಿಗೆ ಈಗಲೂ ಕಟ್ಟುತ್ತದೆ. ನೀಲಿ ನೈಲಾನು, ತುದಿಯಲ್ಲಿ ಸಗಣಿ ಮೆತ್ತಿತ್ತು. ಪಾಠ ಮಾಡುತ್ತಾ ಬೋರ್ಡಿನ ಕಡೆ ತಿರುಗಿದರೂ ಅದು ಬರುತ್ತದೆ.

ಆಗಲೇ ನಾನು ಮಾವನನ್ನು ನೋಡಿದ್ದು. ಗುಂಪಿನ ಎರಡನೇ ಸಾಲಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ಬದುಕಿದೆವು ಅಂದುಕೊಂಡೆ.

"ಮಾವ, ನೀವೇ ಹೇಳಿ ಇವ್ರಿಗೆ. ನಿಮ್ಮನ್ನ ಕೇಳೇ ಅಲ್ವಾ ಬಂದಿದ್ದು?"

ಎಲ್ಲರೂ ಅವನ ಕಡೆ ತಿರುಗಿದರು. ಹಗ್ಗದವನು ಕೇಳಿದ: "ಗೊತ್ತೇನಣ್ಣ ಇವ್ರು ನಿಂಗೆ?"

ಒಂದು ಮಾತು ಸಾಕಾಗಿತ್ತು. "ನಾನೇ ಬರಕ್ಕೇಳಿದ್ದೆ" ಅಂದಿದ್ದರೆ ಆಗುತ್ತಿತ್ತು. ಅವನು ಗಡ್ಡ ಕೆರೆದುಕೊಂಡ. ನನ್ನ ಮುಖ ನೋಡಲಿಲ್ಲ.

"ಎಲ್ಲೋ ನೋಡ್ದಂಗೈತೆ," ಅಂದ.

ಅದಾದ ಮೇಲೇ ಮೊದಲ ಏಟು ಬಿದ್ದದ್ದು. ಈ ಅನುಕ್ರಮವನ್ನು ಯಾರೂ ಹಿಂದುಮುಂದು ಮಾಡಲಾರರು. ಅವನು ಹಾಗಂದ, ಆಮೇಲೆ ಕಲ್ಲು ಬಂತು. ಗೆಳತಿಯ ಕಿವಿಯ ಹಿಂದಿನಿಂದ ರಕ್ತ ಕುತ್ತಿಗೆಗೆ ಇಳಿಯಿತು. ಯಾರೋ ಅವಳ ಮುಷ್ಟಿ ಬಿಡಿಸಿ ಡಬ್ಬಿ ತೆಗೆದರು. "ಜೇಡ ಕಣ್ರಲಾ, ನಿಜವಾಗ್ಲೂ ಜೇಡ," ಎಂದ ಒಬ್ಬ. ನಿಜ ತಿಳಿದ ಮೇಲೂ ಯಾರೂ ನಿಲ್ಲಿಸಲಿಲ್ಲ. "ಮಾಟಕ್ಕೆ ಇಡ್ದವ್ರೆ," ಎಂದು ಡಬ್ಬಿಯನ್ನು ನೆಲಕ್ಕೆ ಬಡಿದರು. ಗಂಡು ಹೊರಗೆ ಬಿತ್ತು, ಅಷ್ಟು ಕಾಲುಗಳ ನಡುವೆ. ನನ್ನ ಗೆಳತಿ, ತಲೆ ಕಾಪಾಡಿಕೊಳ್ಳಬೇಕಾದವಳು, ಬಗ್ಗಿ ಅದನ್ನು ಹುಡುಕತೊಡಗಿದಳು. ಬೆನ್ನ ಮೇಲೆ ಏಟು ಬೀಳುತ್ತಲೇ ಇತ್ತು. ನಾನು ಅವಳ ಮೇಲೆ ಬಿದ್ದೆ. "ಬಿಡೇ ಅದನ್ನ," ಎಂದು ಕಿರುಚಿದೆ. ಅವಳು ಬಿಡಲಿಲ್ಲ. ಆ ಕ್ಷಣ ಅವಳ ಮೇಲೂ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ನಮ್ಮನ್ನು ಉಳಿಸಿದ್ದು ಕಾಮಸಮುದ್ರದಿಂದ ವಾಪಸು ಹೊರಟಿದ್ದ ಅದೇ ಬಸ್ಸು. ಹೊಲದಿಂದ ನಮ್ಮನ್ನು ರಸ್ತೆಗೆ ಎಳೆದು ತಂದಿದ್ದರು, ಬಸ್ಸಿಗೆ ದಾರಿಯಿರಲಿಲ್ಲ. ಡ್ರೈವರು ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಕಂಡಕ್ಟರ್ ಇಳಿದು ಬಂದು, ನಮ್ಮನ್ನೇ ಗದರಿಸಿದ. "ನಡೀರಿ, ಹತ್ರೀ ಮೇಲೆ. ಸ್ಟೇಷನ್ನಿಗೆ ನಾನೇ ಎಳ್ಕಂಡೋಗಿ ಬಿಡ್ತೀನಿ ಇವ್ರನ್ನ. ಸರೀರಿ ಅತ್ಲಾಗೆ, ನಂಗೆ ಟೈಮಾಗೈತೆ." ಕಳ್ಳರನ್ನು ಹಿಡಿದವನ ದನಿಯಲ್ಲಿ ಹೇಳಿದ್ದರಿಂದ ಜನ ಜಾಗ ಬಿಟ್ಟರು. ಬಾಗಿಲು ಹಾಕಿದ ಮೇಲೆ ಅವನು ತನ್ನ ನೀರಿನ ಬಾಟಲಿ ಕೊಟ್ಟ. ಬಂಗಾರಪೇಟೆ ಬರುವವರೆಗೆ ಗೆಳತಿ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದಾಗ ಅಂಗೈಯಲ್ಲಿ ಮಣ್ಣಿನ ಜೊತೆ ಗಂಡು ಇತ್ತು. ಸತ್ತಿತ್ತು. ಒಂದು ಕಾಲು ಹೋಗಿತ್ತು. ಕಿರುಗಾಲಿನ ಗಂಟು, ಮುಳ್ಳು, ಎರಡೂ ಉಳಿದಿದ್ದವು.

ಕೇಸು ಆಗಲಿಲ್ಲ. "ಹೆಣ್ಣುಮಕ್ಕಳು ನೀವು, ಊರಿನವರ ಎದುರು ಹಾಕ್ಕೊಂಡು ಓಡಾಡಕ್ಕಾಗುತ್ತಾ," ಎಂದು ಸ್ಟೇಷನ್ನಿನಲ್ಲಿ ಬುದ್ಧಿ ಹೇಳಿ ಕಳಿಸಿದರು. ಮಾವ ಎಂಬುವವನು ವಾರ ಬಿಟ್ಟು ನಮ್ಮ ಮನೆಗೆ ಬಂದ. "ಜನ ಸೇರ್ದಾಗ ಒಬ್ಬ ಏನ್ ಮಾಡಾಕಾಯ್ತದೆ, ನೀನೇ ಏಳಪ್ಪ," ಎಂದು ನಮ್ಮಪ್ಪನನ್ನು ಕೇಳಿದ. ಅಪ್ಪ ಅವನಿಗೆ ಕಾಫಿ ಕೊಟ್ಟರು. ನಾನು ಎದ್ದು ಹೊರಗೆ ಹೋದೆ.

ಗೆಳತಿ ಗಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದಳು, ಚಿತ್ರ ಬರೆದಳು. ಲೇಖನದಲ್ಲಿ ಎಡಗಡೆಯ ಮೊದಲ ಕಾಲು ಇಲ್ಲ ಎಂದಿದೆ. ಯಾಕೆ ಇಲ್ಲ ಎಂದಿಲ್ಲ. ಕೊನೆಯಲ್ಲಿ ಸಹಾಯ ಮಾಡಿದವರಿಗೆ ಕೃತಜ್ಞತೆ ಹೇಳುವ ಸಾಲಿನಲ್ಲಿ ಮಾವನ ಹೆಸರು ನೋಡಿ ನಾನು ಕೂಗಾಡಿದೆ.

"ಅವರ ಜಮೀನು ಡೀ. ಅನುಮತಿ ಕೊಟ್ಟಿದ್ದು ನಿಜ ತಾನೆ?"

"ಎಲ್ಲೋ ನೋಡಿದ ಹಾಗಿದೆ ಅಂದವನಿಗೆ ಕೃತಜ್ಞತೆಯಾ?"

"ಅದನ್ನ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ," ಅಂದಳು. ಹೆಸರು ತೆಗೆಯಲಿಲ್ಲ.

ಹೋದ ತಿಂಗಳು ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಕರೆದ. ಅವನ ಊರಿನ ಏಳೆಂಟು ಜನ ಕಾಮಸಮುದ್ರದ ಬಸ್ಸಿಗೆ ಕಾಯುತ್ತಾ ಅಲ್ಲೇ ಕೂತಿದ್ದರು. ಜಡೆ ಹಿಡಿದವನೂ ಇದ್ದ.

"ಇಂಗ್ಲಿಸ್ನಾಗೆ ನನ್ನೆಸ್ರು ಬಂದೈತಂತಲ್ಲಮ್ಮ. ನಿಮ್ಮಪ್ಪ ಅಂದ. ಏನಂತ ಬರ್ದವ್ರೆ, ಓದೇಳು."

ಮೊಬೈಲು ತೆಗೆದೆ. ಸಾಲು ಹುಡುಕಿ ಕನ್ನಡದಲ್ಲಿ ಹೇಳಿದೆ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ. ತಮ್ಮ ಜಮೀನಿನಲ್ಲಿ ಜೇಡ ಹುಡುಕಲು ನಮಗಿಬ್ಬರಿಗೂ ಅನುಮತಿ ಕೊಟ್ಟು, ಲೋಟ ಹೂಳಲು ಜೊತೆಗೆ ನಿಂತವರು ಇವರು.

ಕಡಲೆಕಾಯಿ ಸುಲಿಯುತ್ತಿದ್ದವರ ಕೈಗಳು ನಿಂತವು. ಜಡೆ ಹಿಡಿದವನು ಅವನ ಕಡೆ ತಿರುಗಿದ. "ನೀನೇ ಬರಕ್ಕೇಳಿದ್ದಾ?"

"ಮೆಲ್ಲಗೆ ಓದಮ್ಮ," ಅಂದ ಮಾವ.

ನಾನು ಇನ್ನೊಂದು ಸಲ ಓದಿದೆ, ಮೊದಲಿಗಿಂತ ಜೋರಾಗಿ.