ಜೋಲಿಯ ಕೋಣೆ ಗೋದಾಮಾದ ವರ್ಷ

ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಯೊಂದರಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವುದು ನನ್ನ ಕೆಲಸವಾಗಿತ್ತು. ಆಗಿನ ಯಜಮಾನರು ಮಹಾ ಜಿಪುಣರು. ಕೂಲಿ ಜಾಸ್ತಿ ಮಾಡಿ ಎಂದರೆ ಕಿವಿಯೇ ಕೇಳಿಸದವರಂತೆ ನಿಂತುಬಿಡುತ್ತಿದ್ದರು. ಆದರೆ ಶೆಡ್ಡಿನ ಪಕ್ಕದ ಕೋಣೆಯ ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿಕೊಳ್ಳಲು ಬಿಟ್ಟಿದ್ದರು. ನಮ್ಮ ಕೂಸುಗಳೆಲ್ಲ ಅಲ್ಲೇ ಮಲಗುತ್ತಿದ್ದವು. ಯಾವುದಾದರೂ ಅತ್ತರೆ, "ಹೋಗ್ರಮ್ಮ, ಮೊದ್ಲು ಅದರ ಬಾಯಿ ಮುಚ್ಸಿ, ತಲೆ ಸೀಳೋಯ್ತು ನಂಗೆ!" ಎಂದು ಅವರೇ ಕೂಗುತ್ತಿದ್ದರು. ನಾವೂ ಬಿಡುತ್ತಿರಲಿಲ್ಲ, ಎದುರಿಗೇ ಎರಡು ಮಾತು ಅಂದು, ನಗುತ್ತಾ ಹಾಲೂಡಿಸಲು ಹೋಗುತ್ತಿದ್ದೆವು.

ಎಂಬತ್ತರ ದಶಕದ ಶುರುವಿನಲ್ಲಿ, ನನ್ನ ಮಗಳಿನ್ನೂ ಎಳೆಗೂಸಾಗಿದ್ದಾಗ, ಅವರು ಕಾರ್ಖಾನೆ ಮಾರಿಬಿಟ್ಟರು. ಕೊಂಡವರು ಒಬ್ಬರಲ್ಲ, ದೂರದೂರುಗಳ ಎಷ್ಟೋ ಜನ ಷೇರುದಾರರು. ಸುಳ್ಳು ಯಾಕೆ ಹೇಳಲಿ, ಕೂಲಿ ಏರಿತು, ಶನಿವಾರ ತಪ್ಪದೆ ಕೈಗೆ ಬರುತ್ತಿತ್ತು. ಆದರೆ ಜೋಲಿಗಳನ್ನು ಬಿಚ್ಚಿಸಿ, ಆ ಕೋಣೆಯಲ್ಲಿ ಪುಡಿಯ ಮೂಟೆ ಪೇರಿಸಿದರು. ಮಕ್ಕಳನ್ನು ಗೇಟಿನೊಳಗೆ ತರಕೂಡದು ಎಂದರು.

ನಾನು ಹೊಸ ಮ್ಯಾನೇಜರ್ ಎದುರು ಹೋಗಿ ನಿಂತೆ.

"ಅಷ್ಟು ದೂರ ಹೊನ್ನವಳ್ಳಿಯಿಂದ ಬಸ್ಸಲ್ಲಿ ಬತ್ತೀನಿ ಕಣ್ರೀ. ಮಧ್ಯಾಹ್ನ ಹೋಗಿ ಹಾಲು ಕುಡ್ಸಿ ಬರಾಕಾಯ್ತದಾ? ಈಗಿನ ಯಜಮಾನ್ರು ಯಾರು ಹೇಳಿ, ನಾನೇ ಕೇಳ್ತೀನಿ."

ಆತ ಕೆಟ್ಟವನೇನಲ್ಲ. ತಲೆ ಕೆರೆದುಕೊಂಡು, "ಅವ್ರ ಮುಖ ನಾನೂ ನೋಡಿಲ್ಲ ಕಣಮ್ಮ. ಯಾರನ್ನ ಅಂತ ಕೇಳ್ತೀಯಾ?" ಅಂದ.

ಥೂ, ಬೈಯುವುದಕ್ಕಾದರೂ ಒಬ್ಬ ಮನುಷ್ಯ ಬೇಡವೇ! ಕೆಲಸ ಬಿಡುವಂತಿರಲಿಲ್ಲ, ಮನೆ ನಡೆಯುತ್ತಿದ್ದದ್ದೇ ಅದರಿಂದ. ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬೆಳಗಿನ ಬಸ್ಸು ಹತ್ತತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು, ರವಿಕೆ ನೆನೆದು, ನೋವು ತಡೆಯಲಾಗುತ್ತಿರಲಿಲ್ಲ. ಒಡೆದ ಕಾಯಿಗಳ ನೀರು ಹರಿಯುವ ಚರಂಡಿಯ ಪಕ್ಕ, ಗೋಡೆಗೆ ಮುಖ ಮಾಡಿ ಕುಳಿತು ಹಾಲನ್ನು ಹಿಂಡಿ ಚೆಲ್ಲುತ್ತಿದ್ದೆ. ಇನ್ನಿಬ್ಬರು ತಾಯಂದಿರೂ ಅಲ್ಲೇ ಕೂರುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು.

ಆ ದೀಪಾವಳಿಗೆ, ಎಂದೂ ಇಲ್ಲದಷ್ಟು ಲಾಭ ಬಂದಿದೆ ಎಂದು ಎಲ್ಲರಿಗೂ ಲಾಡು ಹಂಚಿದರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದವಳೇ ಮಗಳನ್ನು ಎತ್ತಿ ಎದೆಗೆ ಹಾಕಿಕೊಂಡೆ. ಅವಳು ಒಂದು ಗಳಿಗೆ ಬಾಯಿಟ್ಟು, ಮುಖ ತಿರುಗಿಸಿ, ಅತ್ತೆಯ ಕೈಯಲ್ಲಿದ್ದ, ಹಾಲು ಕುಡಿಸುವ ಒಳಲೆಯತ್ತ ಕೈ ಚಾಚಿ ಅಳತೊಡಗಿದಳು.

"ಹಸುವಿನ ಹಾಲೇ ರೂಢಿ ಆಗೋಯ್ತು ಬುಡು. ನೀನ್ಯಾಕೆ ಅಳ್ತೀಯೇ," ಎಂದು ನನಗೆ ಸಮಾಧಾನ ಹೇಳಿ ಅತ್ತೆ ಮಗುವನ್ನು ತೆಗೆದುಕೊಂಡರು.

ನನ್ನೆದೆಯಲ್ಲಿ ಇನ್ನೂ ಹಾಲಿತ್ತು.